ದೊಡ್ಡ ಬಂಗಲೆಯ ಚರಿತ್ರೆ ಬಾಯಿಪಾಠ ಮಾಡಿದ್ದು

ನೋಡಿ, ಮತ್ತೆ ಕರೆದರು. ಈ ಸಾಲು ಬರೆಯಲು ಕೂತಾಗಿನಿಂದ ಮೂರು ಸಲ ಎದ್ದಿದ್ದೇನೆ. ಒಮ್ಮೆ ಮಗಳ ಕಾಲುಚೀಲಕ್ಕೆ, ಒಮ್ಮೆ ಗಂಡನ ಕನ್ನಡಕಕ್ಕೆ, ಒಮ್ಮೆ ಕನ್ನಡಕ ಅವರ ತಲೆಯ ಮೇಲೆಯೇ ಇದೆ ಎಂದು ಹೇಳುವುದಕ್ಕೆ.

ನನ್ನ ಕೆಲಸವೂ ಹೀಗೆಯೇ. ನಾವಿರುವ ಫೆಲ್ಥಮ್ ಊರಿನಿಂದ ಬಸ್ಸಿನಲ್ಲಿ ಸ್ವಲ್ಪ ದೂರ ಹೋದರೆ ಒಂದು ಹಳೆಯ ಬಂಗಲೆ ಇದೆ. ಸುತ್ತ ತೋಟ, ಕೊಳ, ಟಿಕೆಟ್ ಕೊಂಡು ನೋಡಲು ಬರುವ ಜನ. ಮೊದಲು ಅಲ್ಲಿಯ ಟೀ ಅಂಗಡಿಯಲ್ಲಿ ಕಪ್ಪುಬಸಿ ತೊಳೆಯುತ್ತಿದ್ದೆ. ಗೈಡ್ ಒಬ್ಬಳು ಬಿಟ್ಟುಹೋದಾಗ ಬಂಗಲೆಯ ಉಸ್ತುವಾರಿ ನೋಡುವ ಮೇಡಂ ನನ್ನನ್ನು ಮೂರು ತಿಂಗಳು ನೋಡೋಣ ಎಂದು ಆ ಜಾಗಕ್ಕೆ ಹಾಕಿದರು. ಪಾಸಾದರೆ ಗೈಡ್, ಫೇಲಾದರೆ ಮತ್ತೆ ಕಪ್ಪುಬಸಿ. ಅಂದಿನಿಂದ ಒಂದು ವಾಕ್ಯವನ್ನು ನೆಟ್ಟಗೆ ಮುಗಿಸಲು ನನ್ನನ್ನು ಯಾರೂ ಬಿಟ್ಟಿಲ್ಲ.

ಸಕ್ಕರೆ ವ್ಯಾಪಾರಿ

ಮೇಡಂ ಎಂಟು ಪುಟ ಚರಿತ್ರೆ ಕೊಟ್ಟರು. ನಾನು ಓದಿದ್ದು ಹತ್ತನೆಯ ತರಗತಿ. ಅಲ್ಲಿ ಕಲಿತ ಗಟ್ಟಿ ವಿದ್ಯೆ ಒಂದೇ, ಬಾಯಿಪಾಠ. ರೊಟ್ಟಿ ಬಡಿಯುತ್ತ, ಮಗಳ ತಲೆ ಬಾಚುತ್ತ ಎಂಟೂ ಪುಟ ಉರು ಹೊಡೆದೆ. ಆದರೆ ಬಾಯಿಪಾಠಕ್ಕೆ ಒಂದು ರೋಗವಿದೆ. ನಡುವೆ ನಿಂತರೆ ಮತ್ತೆ ಮೊದಲಿನಿಂದಲೇ ಹೊರಡಬೇಕು. ನಮ್ಮ ಬಂಗಲೆಯೋ ಹೀಥ್ರೂ ವಿಮಾನಗಳ ಹೊಟ್ಟೆಯ ಕೆಳಗೇ ಇದೆ. ಈ ಮನೆಯನ್ನು ಕಟ್ಟಿಸಿದವನು ಒಬ್ಬ ಸಕ್ಕರೆ ವ್ಯಾಪಾರಿ ಎನ್ನುತ್ತೇನೆ, ವಿಮಾನ ಬರುತ್ತದೆ. ಮತ್ತೆ ಸಕ್ಕರೆ ವ್ಯಾಪಾರಿ. ಒಂದು ಮಗುವಿಗೆ ಬಾತ್‌ರೂಮು. ಮತ್ತೆ ಸಕ್ಕರೆ ವ್ಯಾಪಾರಿ. ಇನ್ನೊಂದು ವಿಮಾನ. ನಾಲ್ಕನೆಯ ಸಲ ಹೇಗೋ ಮೆಟ್ಟಿಲ ತನಕ ಬಂದು ಮುಟ್ಟಿದಾಗ, ಟೋಪಿ ಹಾಕಿದ ಮುದುಕರೊಬ್ಬರು ಬಹಳ ಮರ್ಯಾದೆಯಿಂದ ಕೇಳಿದರು.

"ಆ ನಾಲ್ಕೂ ಜನ ವ್ಯಾಪಾರಿಗಳು ಅಣ್ಣತಮ್ಮಂದಿರೇ?"

ಅತ್ತೆ ಗೋಡೆ

ತೋಟದ ಇಟ್ಟಿಗೆ ಗೋಡೆಯೊಂದು ಹಾವು ಹರಿದ ಹಾಗೆ ಡೊಂಕುಡೊಂಕಾಗಿದೆ. ಏಕೆ ಎಂದು ಒಬ್ಬಾಕೆ ಕೇಳಿದಳು. ಎಂಟು ಪುಟದಲ್ಲಿ ಅದಿರಲಿಲ್ಲ. ನಮ್ಮ ಮಾಸ್ತರರು ಹೇಳಿಕೊಟ್ಟಿದ್ದರು, ಉತ್ತರ ಗೊತ್ತಿಲ್ಲದಿದ್ದರೂ ಹಾಳೆ ಖಾಲಿ ಬಿಡಬೇಡ, ಏನಾದರೂ ತುಂಬಿಸು, ಅರ್ಧ ಅಂಕವಾದರೂ ಬಿದ್ದೀತು ಎಂದು. ತುಂಬಿಸಿದೆ. ಬೆಳಿಗ್ಗೆ ಸೊಸೆ ಬಂದು ಎಡಕ್ಕೆ ಕಟ್ಟು ಎನ್ನುತ್ತಿದ್ದಳು, ಮಧ್ಯಾಹ್ನ ಅತ್ತೆ ಬಂದು ಬಲಕ್ಕೆ ಎನ್ನುತ್ತಿದ್ದಳು, ಗೌಂಡಿ ಇಬ್ಬರ ಮಾತನ್ನೂ ನಡೆಸಿಕೊಟ್ಟ ಎಂದೆ. ಜನ ಬಿದ್ದು ಬಿದ್ದು ನಕ್ಕರು.

ಮುಂದಿನ ವಾರ ಒಂದು ಬಸ್ಸು ತುಂಬ ಹೆಂಗಸರು ಬಂದು, ಅತ್ತೆ ಗೋಡೆ ಎಲ್ಲಿದೆ ಎಂದು ಟಿಕೆಟ್ ಕಿಟಕಿಯಲ್ಲೇ ಕೇಳಿದರು. ಮೇಡಂ ನನ್ನನ್ನು ಒಳಗೆ ಕರೆದರು. ಡೊಂಕಾಗಿದ್ದರೆ ಗೋಡೆ ಒಂದೇ ಇಟ್ಟಿಗೆಯ ದಪ್ಪದಲ್ಲೂ ಬೀಳದೆ ನಿಲ್ಲುತ್ತದೆ, ಅಷ್ಟೇ ಕಾರಣ ಎಂದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲು ಬಾಯಿಗೇನು ಕಷ್ಟ, ಇನ್ನೊಂದು ಕಥೆ ಕಟ್ಟಿದರೆ ಕಪ್ಪುಬಸಿಯೇ ಗತಿ ಎಂದೂ ಹೇಳಿದರು. ಹೊರಗೆ ಬಂದು ಆ ಹೆಂಗಸರಿಗೆ ನಿಜವಾದ ಕಾರಣ ಹೇಳಿದೆ.

ಒಬ್ಬಳೂ ಫೋಟೋ ತೆಗೆಯಲಿಲ್ಲ.

ಗುಡಿಸಲಿನವನು

ಕೊನೆಯ ಪರೀಕ್ಷೆಯ ದಿನ ಮೇಡಂ ನೋಟ್‌ಬುಕ್ ಹಿಡಿದು ಗುಂಪಿನ ಹಿಂದೆ ನಿಂತರು. ಗುಂಪಿನಲ್ಲಿ ಧಾರವಾಡದಿಂದ ಬಂದಿದ್ದ ನಮ್ಮತ್ತೆಯೂ ಇದ್ದರು. ಇವತ್ತೊಂದು ದಿನ ಬರಬೇಡಿ ಎಂದಿದ್ದೆ, ಅದಕ್ಕೇ ಬಂದಿದ್ದರು.

ಕೊಳದ ಆಚೆ ಒಂದು ಹುಲ್ಲಿನ ಗುಡಿಸಲಿದೆ. ಆ ಕಾಲದ ಕೆಲವು ಸಾಹುಕಾರರಿಗೆ ತೋಟದಲ್ಲಿ ಜಿಂಕೆ, ನವಿಲು ಇದ್ದರೆ ಸಾಲದು, ನೋಡಲಿಕ್ಕೆ ಒಬ್ಬ ಸನ್ಯಾಸಿಯೂ ಬೇಕಿತ್ತು. ನಮ್ಮ ಸಕ್ಕರೆಯವನು ಸಂಬಳ ಗೊತ್ತುಮಾಡಿ ಒಬ್ಬನನ್ನು ಇಟ್ಟುಕೊಂಡ. ಏಳು ವರ್ಷ ಗಡ್ಡ, ಉಗುರು ತೆಗೆಯಬಾರದು, ಯಾರೊಡನೆಯೂ ಮಾತಾಡಬಾರದು, ಅತಿಥಿಗಳು ಬಂದಾಗ ಬಾಗಿಲಲ್ಲಿ ಗಂಭೀರವಾಗಿ ಕೂತಿರಬೇಕು. ಇದನ್ನು ಹೇಳುವಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಏಳು ವರ್ಷ ಯಾರೂ ಕರೆಯುವುದಿಲ್ಲ.

ಅತ್ತೆಗೆ ಇಂಗ್ಲಿಷ್ ಬಾರದು, ಕನ್ನಡದಲ್ಲಿ ಅಷ್ಟನ್ನೂ ಹೇಳಿದೆ. ಅವರು ಗುಡಿಸಲೊಳಗೆ ಇಣುಕಿದರು.

"ಒಲಿನ ಇಲ್ಲಲ್ಲ. ಅವಂಗ ಊಟ ಯಾರು ಕೊಡತಿದ್ರು?"

"ಅಡಗಿಮನಿ ಕೆಲಸದಾಕಿ ತರತಿದ್ಲು ಅತ್ತಿ, ದಿನಕ್ಕ ಮೂರು ಸಲ. ಆಕಿನೂ ಅವನ ಜೋಡಿ ಮಾತಾಡೂ ಹಂಗಿರಲಿಲ್ಲ."

ಅತ್ತೆ ದೂರದ ಬಂಗಲೆಯ ಕಡೆ ಒಮ್ಮೆ ನೋಡಿ, ತಮ್ಮ ಮೊಣಕಾಲು ಮುಟ್ಟಿಕೊಂಡರು. "ಏಳೂ ವರ್ಷ?"

"ಇಲ್ಲರೀ, ಮೂರು ವರ್ಷಕ್ಕ ಅವ ಓಡಿಹೋದ. ಹೆಂಡದಂಗಡ್ಯಾಗ ಸಿಕ್ಕ."

"ಮತ್ತ ಆಕಿ?"

ಏನು ಕೇಳುತ್ತಿದ್ದಾರೆ ಎಂದು ಮೇಡಂ ಮುಂದೆ ಬಂದರು. ಅತ್ತೆಯ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಎಂಟು ಪುಟದಲ್ಲಿ ಆಕೆಯ ಹೆಸರೂ ಇಲ್ಲ. ನನ್ನ ನಾಲಿಗೆಯ ಮೇಲೆ ಮಾತ್ರ ಆಕೆಯ ಮದುವೆ, ಮಕ್ಕಳು, ಮೊಮ್ಮಕ್ಕಳು ಎಲ್ಲ ತಯಾರಾಗಿ ನಿಂತಿದ್ದರು. ಮೇಡಂ ಪೆನ್ನು ಎತ್ತಿ ಹಿಡಿದಿದ್ದರು. ಇಡೀ ಸಂಸಾರವನ್ನು ನುಂಗಿಕೊಂಡು, "ಗೊತ್ತಿಲ್ಲ" ಎಂದೆ.

ಮೇಡಂ ಪುಸ್ತಕ ಮುಚ್ಚಿದರು. ಸೋಮವಾರದಿಂದ ಕಾಯಂ ಎಂದರು.

ಕುಣಿಯುವುದೊಂದು ಬಾಕಿ. ಅತ್ತೆಯ ಕೈ ಹಿಡಿದು ಹೊರಟೆ. ಅವರು ಕದಲಲಿಲ್ಲ. ಬಾಗಿಲ ಪಕ್ಕದ ಬೋರ್ಡು ತೋರಿಸಿ ಏನು ಬರೆದಾರ ಎಂದು ಕೇಳಿದರು. ಸನ್ಯಾಸಿಯ ಮನೆ ಎಂದು ಬರೆದಿದೆ ಎಂದೆ.

"ಅವ ಕುಂತಲ್ಲೆ ಉಂಡು ಓಡಿಹೋದಾವ. ಆಕಿ ದಿನಾ ಅಷ್ಟು ದೂರ ಹೊತ್ತು ತಂದು, ಬಾಯಿ ಬಿಡದ ಹೊಳ್ಳಿ ಹೋದಾಕಿ. ಇಬ್ಬರೊಳಗ ಸನ್ಯಾಸಿ ಯಾರವಾ?"