ದೊರೆಗಳು ಮುಟ್ಟಿದ ಚೊಂಬು

ಬೈಬಲ್ಲಿನಲ್ಲಿ ಇರುವುದಕ್ಕಾಗಿ ನಮ್ಮ ಸಭೆಯಲ್ಲಿ ಯಾರಾದರೂ ಜಗಳ ಆಡಿದ್ದನ್ನು ನಾನು ಕಾಣೆ. ಆದ ಜಗಳಗಳೆಲ್ಲ ಅದರಲ್ಲಿ ಇಲ್ಲದ್ದಕ್ಕೇ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು.

ಎಪ್ಪತ್ತರ ದಶಕದ ಮಾತು. ಹೊಳಲ್ಕೆರೆ ಕಡೆಯ ಒಂದು ಸ್ಟೇಷನ್ನಿನಲ್ಲಿ ನಾನು ಪಾಯಿಂಟ್ಸ್‌ಮನ್, ಅಂದರೆ ಗಾಡಿ ಬರುವಾಗ ಹಳಿ ತಿರುಗಿಸುವವನು. ಊರಿನ ಹೆಸರು ಬೇಡ, ಅಲ್ಲಿಯವರು ಇನ್ನೂ ನನ್ನ ಜೊತೆ ಮಾತು ಬಿಟ್ಟಿಲ್ಲ. ಓದಿದ್ದು ಯಲ್ಲದಕೆರೆಯ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ರೈಲ್ವೆ ಕ್ವಾರ್ಟರ್ಸಿನ ಪಕ್ಕ ನಮ್ಮದೊಂದು ಹೆಂಚಿನ ಪ್ರಾರ್ಥನಾ ಮಂದಿರ. ಸಭೆಗೆ ಸೇರಿದ್ದು ಹನ್ನೊಂದು ಮನೆ.

ಕ್ರಿಸ್‌ಮಸ್ಸಿಗೆ ಪ್ರತಿ ವರ್ಷ ನಾಟಕ. ಅದರಲ್ಲಿ ಬಾಲಯೇಸುವಿಗೆ ಕಾಣಿಕೆ ತರುವ ಮೂವರು ರಾಜರ ಪಾತ್ರ ಮೂರು ಮನೆಗಳ ಹಕ್ಕು. ಹಳ್ಳಿಗಳಲ್ಲಿ ಮೊದಲ ತಾಂಬೂಲ ಇಂಥ ಮನೆಗೇ ಸಲ್ಲಬೇಕು ಅಂತ ಇರುತ್ತದಲ್ಲ, ಹಾಗೆ. ನಾವು ದೇವರನ್ನು ಬದಲಾಯಿಸಿದೆವೇ ಹೊರತು ತಾಂಬೂಲದ ಲೆಕ್ಕ ಬದಲಾಯಿಸಲಿಲ್ಲ. ಧೂಪ ಗೂಡ್ಸ್ ಗಾಡಿಯ ಗಾರ್ಡಣ್ಣನ ಮನೆಗೆ, ರಕ್ತಬೋಳ ಎಂಬ ಸುಗಂಧದ ಅಂಟು ಇನ್ನೊಂದು ಮನೆಗೆ, ಚಿನ್ನ ನಮ್ಮ ಮನೆಗೆ. ಚಿನ್ನ ಎಂದರೆ ಒಂದು ಹಿತ್ತಾಳೆ ಚೊಂಬು. ನಮ್ಮಪ್ಪ ಅದೇ ಸ್ಟೇಷನ್ನಿನಲ್ಲಿ ವೇಟಿಂಗ್ ರೂಮು ನೋಡಿಕೊಳ್ಳುತ್ತಿದ್ದವನು. "ನಮ್ಮ ಸಭೆ ಕಟ್ಟಿದ ದೊರೆಗಳು ಕೈಯಾರೆ ಮುಟ್ಟಿದ ಚೊಂಬು ಇದು" ಎಂದು ಹೇಳಿಯೇ ಅವನು ಆ ಹಕ್ಕು ಸಂಪಾದಿಸಿದ್ದ. ದೊರೆಗಳೆಂದರೆ ಆ ಕಾಲದ ಬಿಳಿಯ ಪಾದ್ರಿಗಳು. ಸಾಯುವ ಮುಂಚೆ ನನ್ನ ಕೈಗೆ ಕೊಟ್ಟು, "ಲೇ ಮಗಾ, ಇದು ಬೇರೆಯೋರ ಕೈಗೆ ಹೋಗಬಾರದು. ಅಡಿಗೆ ಅರಗು ಮೆತ್ತಿದೀನಿ, ಕೀಳಬೇಡ. ಕಿತ್ರೆ ಉರುಳ್ತೈತೆ" ಎಂದಿದ್ದ. ನಾನು ಆಗಲಿ ಎಂದಿದ್ದೆ. ಅಪ್ಪನಿಗೆ ಕೊಟ್ಟ ಮಾತು ಅದೊಂದೇ.

ಹೀಗಿರುವಾಗ ಹೊಸ ಅಯ್ಯನವರು ಬಂದರು. ಪಾದ್ರಿಗಳಿಗೆ ನಾವು ಹಾಗೆನ್ನುತ್ತೇವೆ. ಆಗಷ್ಟೇ ದೇವಶಾಸ್ತ್ರ ಓದಿ ಮುಗಿಸಿದ ಹುಡುಗ ವಯಸ್ಸಿನವರು. ಭಾನುವಾರ ಮಧ್ಯಾಹ್ನ ಚಿತ್ರದುರ್ಗದಿಂದ ಗಾಡಿ ಹಿಡಿದು ಬಂದು ಒಂದು ತರಗತಿ ಶುರುಮಾಡಿದರು. ತರಗತಿಯ ಹೆಸರು, 'ಪುಸ್ತಕದಲ್ಲಿ ಇದೆಯೇ?'

"ನಾವು ನಂಬಿರೋದರಲ್ಲಿ ಅರ್ಧ ಬೈಬಲ್ಲಿನಲ್ಲಿ ಇಲ್ಲವೇ ಇಲ್ಲ. ಒಂದೊಂದಾಗಿ ನೋಡೋಣ. ಇಲ್ಲದ್ದನ್ನ ಬಿಡೋಣ" ಎಂದರು.

ನಮ್ಮ ಚೊಂಬು ಯಾವ ಅಧ್ಯಾಯದಲ್ಲಿದೆ ಎಂದು ಯಾರಾದರೂ ಕೇಳಿದರೆ?

*ಸೇಬು*

ಮೊದಲ ವಾರ ಸಿಕ್ಕಿಬಿದ್ದದ್ದು ಸೇಬು. ದೇವರು ಬೇಡವೆಂದ ಹಣ್ಣು ತಿಂದು ದೇವರ ತೋಟವನ್ನೇ ಕಳೆದುಕೊಂಡ ಮೊದಲ ಹೆಣ್ಣು ಹವ್ವ, ಅವಳು ಸೇಬು ಹಿಡಿದು ನಿಂತ ಪಟ ಮಂದಿರದ ಗೋಡೆಯ ಮೇಲೆ ಇತ್ತು. ಅಯ್ಯನವರು ಬೆತ್ತದಲ್ಲಿ ಅದನ್ನು ತೋರಿಸಿ, "ಸೇಬು ಅಂತ ಎಲ್ಲೂ ಬರೆದಿಲ್ಲ. ಬರೀ ಹಣ್ಣು ಅಂತಿದೆ" ಎಂದರು.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಒಬ್ಬ ಮುದುಕಿ, ಇಡೀ ಸಭೆಗೇ ದೊಡ್ಡಮ್ಮ. ಅವಳು ಚಾಪೆಯಿಂದ ಎದ್ದಳು.

"ಅಯ್ನೋರೇ, ಏನಂದ್ರಿ? ಸೇಬಲ್ವಾ?"

"ಅಲ್ಲಮ್ಮ. ಯಾವ ಹಣ್ಣೋ ಗೊತ್ತಿಲ್ಲ."

"ನಾನು ದೀಕ್ಷಾಸ್ನಾನ ತಗಂಡ ದಿನದಿಂದ ಸೇಬು ಮುಟ್ಟಿಲ್ಲ. ನಮ್ಮ ಹೆಣ್ಣುಕುಲಕ್ಕೆ ಕೆಟ್ಟ ಹೆಸರು ತಂದ ಹಣ್ಣು ಅಂತ ವ್ರತ ಹಿಡಿದೀನಿ. ನಲವತ್ತು ವರ್ಷ ಆತು!"

ನಮ್ಮ ಊರಿಗೆ ಆ ನಲವತ್ತು ವರ್ಷದಲ್ಲಿ ಸೇಬು ಬಂದದ್ದು ಎರಡೋ ಮೂರೋ ಸಲ. ಆದರೂ ವ್ರತ ವ್ರತವೇ.

ಅಯ್ಯನವರು ಸಮಾಧಾನ ಹೇಳಹೋದರು. ದೊಡ್ಡಮ್ಮ ಕೇಳಲಿಲ್ಲ. "ವ್ರತ ಬಿಡಿಸಿದೋರೇ ತಿನ್ನಿಸ್ಬೇಕು. ಬರೋ ವಾರ ದುರ್ಗದಿಂದ ತಗಂಡ್ ಬರ್ರಿ" ಎಂದು ಕೂತಳು.

ಪಾಪ, ಮುಂದಿನ ಭಾನುವಾರ ಅವರು ಬೈಬಲ್ಲಿನ ಜೊತೆ ನಾಲ್ಕು ಸೇಬನ್ನೂ ಚೀಲದಲ್ಲಿ ಹಾಕಿಕೊಂಡು ಗಾಡಿ ಇಳಿದರು. ಇಡೀ ಸಭೆ ಸುತ್ತ ನಿಂತಿತು. ದೊಡ್ಡಮ್ಮ ಕಣ್ಣುಮುಚ್ಚಿ ಪ್ರಾರ್ಥನೆ ಮಾಡಿ, ಇದ್ದ ಹಲ್ಲುಗಳನ್ನೆಲ್ಲ ಒಂದು ಕಡೆಗೆ ತಂದು ಕಚ್ಚಿದಳು. ಅಗಿದಳು. ಮುಖ ಸಿಂಡರಿಸಿ ಉಳಿದದ್ದನ್ನು ಅಯ್ಯನವರ ಕೈಗೇ ಕೊಟ್ಟಳು.

"ನೀವು ಹೇಳಿದ್ದೇ ಸರಿ ಅಯ್ನೋರೇ, ಹವ್ವ ತಿಂದಿದ್ದು ಇದಲ್ಲ. ಇಷ್ಟು ಸಪ್ಪೆ ಹಣ್ಣಿಗೆ ಯಾವಳೂ ತೋಟ ಕಳ್ಕಳ್ಳಲ್ಲ."

*ಜ್ಞಾನೋಕ್ತಿ ಮೂವತ್ತಮೂರು*

ನಮ್ಮ ಮಂದಿರದ ಗೋಡೆಗಳ ಮೇಲೆ ವಚನಗಳನ್ನು ಬರೆಸಿದ್ದೆವು. ಪೂರ್ವದ ಗೋಡೆಯ ಮೇಲೆ ಗಾರ್ಡಣ್ಣ ಬರೆಸಿಕೊಟ್ಟದ್ದು, ನೀಲಿ ಬಣ್ಣದಲ್ಲಿ: 'ಶುಚಿತ್ವವೇ ದೈವತ್ವ'. ಅದರ ಕೆಳಗೆ, 'ಜ್ಞಾನೋಕ್ತಿ ೩೩:೫', ಅಂದರೆ ಬೈಬಲ್ಲಿನ ಜ್ಞಾನೋಕ್ತಿ ಎಂಬ ಭಾಗದ ಮೂವತ್ತಮೂರನೇ ಅಧ್ಯಾಯ, ಐದನೇ ವಚನ.

ಮೂರನೇ ವಾರ ಅಯ್ಯನವರು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಬೈಬಲ್ಲು ತೆರೆದರು, ಮುಚ್ಚಿದರು, ಮತ್ತೆ ತೆರೆದರು.

"ಜ್ಞಾನೋಕ್ತಿಯಲ್ಲಿ ಇರೋದೇ ಮೂವತ್ತೊಂದು ಅಧ್ಯಾಯ" ಎಂದರು.

ಸಭೆ ಗಾರ್ಡಣ್ಣನ ಕಡೆ ನೋಡಿತು. ಗಾರ್ಡಣ್ಣ ಗೋಡೆಯ ಕಡೆ ನೋಡಿದ. ಕೊನೆಗೆ ಅವನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದಳು: "ಅಯ್ನೋರೇ, ಅದು ನಮ್ಮ ಕ್ವಾರ್ಟರ್ಸ್ ನಂಬರು."

ಆದದ್ದು ಇಷ್ಟೆ. ಗೋಡೆ ಬರೆಯಲು ಬಂದಿದ್ದವನು ಹೊಸದುರ್ಗದಲ್ಲಿ ಸಿನಿಮಾ ಬೋರ್ಡು ಬರೆಯುವ ಪೇಂಟರು. "ಕೆಳಗೆ ಏನ್ ಹಾಕ್ಲಿ ಸಾಮಿ?" ಎಂದು ಕೇಳಿದ್ದಾನೆ. ಗಾರ್ಡಣ್ಣನಿಗೆ ಗೂಡ್ಸ್ ಹೊರಡುವ ಹೊತ್ತು. ಟ್ಯೂಬ್‌ಲೈಟು, ಫ್ಯಾನುಗಳ ಮೇಲೆ ದಾನಿಯ ಹೆಸರು ವಿಳಾಸ ಬರೆಯುತ್ತಾರಲ್ಲ, ಅದನ್ನೇ ಕೇಳುತ್ತಿದ್ದಾನೆ ಎಂದುಕೊಂಡು "ಮೂವತ್ತಮೂರು, ಐದು" ಎಂದು ಓಡಿದ್ದಾನೆ. ಪೇಂಟರು ಪಕ್ಕದ ಗೋಡೆ ನೋಡಿ, ಅಲ್ಲಿದ್ದ ಹಾಗೆಯೇ ಮುಂದೆ 'ಜ್ಞಾನೋಕ್ತಿ' ಸೇರಿಸಿದ್ದಾನೆ.

"ವಚನವೇ ಬೈಬಲ್ಲಿನದಲ್ಲ. ಅಳಿಸೋಣ" ಎಂದರು ಅಯ್ಯನವರು.

ಗಾರ್ಡಣ್ಣನಿಗೆ ಸಿಟ್ಟು ಬಂತು. "ಹಂಗಾರೆ ಹೋದ ವರ್ಷ ದುರ್ಗದ ಕಂಠಪಾಠ ಸ್ಪರ್ಧೇಲಿ ನನ್ನ ಮಗಳು ಇದನ್ನೇ ನಂಬರ್ ಸಮೇತ ಹೇಳಿ ಎರಡನೇ ಬಹುಮಾನ ತಂದ್ಲಲ್ಲ, ಆಗ ತೀರ್ಪು ಕೊಟ್ಟೋರು ಯಾರ್ರಿ?"

ಅಯ್ಯನವರು ಕೆಮ್ಮಿದರು. "ಆಗಿನ್ನೂ ಓದ್ತಿದ್ದೆ. ತೀರ್ಪುಗಾರರಲ್ಲಿ ನಾನೂ ಒಬ್ಬ" ಎಂದರು.

ರಾಜಿಯಾಯಿತು. ನಂಬರು ಅಳಿಸಿ ಮಾತು ಉಳಿಸಿದರು. ಪುಸ್ತಕದಲ್ಲಿ ಇಲ್ಲದಿದ್ದರೂ ಒಳ್ಳೆಯದಾದರೆ ಇರಲಿ ಎಂದು ತೀರ್ಮಾನ. ನನಗೆ ಜೀವ ಬಂದಂತಾಯಿತು, ನಮ್ಮ ಚೊಂಬೂ ಒಳ್ಳೆಯದೇ ತಾನೆ. ಅಂದಿನಿಂದ ಯಾರಾದರೂ ಗಾರ್ಡಣ್ಣನ ಮನೆ ಕೇಳಿದರೆ ನಮ್ಮವರು, "ಜ್ಞಾನೋಕ್ತಿ ದಾಟಿ ಎಡಕ್ಕೆ ಹೋಗ್ರಿ" ಎನ್ನುತ್ತಿದ್ದರು.

*ಸಭೆಯ ಚರಿತ್ರೆ*

ಆಮೇಲೆ ಅಯ್ಯನವರು ಸಭಾ ಚರಿತ್ರೆಗೆ ಇಳಿದರು. ರೋಮಿನ ಚಕ್ರವರ್ತಿಗಳು, ಹಿಂಸೆ, ಹುತಾತ್ಮರು, ಪಂಗಡಗಳು ಒಡೆದದ್ದು ಎಲ್ಲ ಹೇಳಿದರು. ನಾಲ್ಕು ವಾರದಲ್ಲಿ ಸಾವಿರದ ಒಂಬೈನೂರು ವರ್ಷ ಮುಗಿಯಿತು. ಮುಕ್ಕಾಲು ಜನ ಚಾಪೆಯ ಮೇಲೆ ತೂಕಡಿಸಿದರು.

"ಈಗ ನಮ್ಮ ಊರಿನ ಸಭೆಯ ಚರಿತ್ರೆ ನೋಡೋಣ" ಎಂದಾಗ ಎಲ್ಲರೂ ಎಚ್ಚರವಾದರು. ಏಕೆಂದರೆ ನಮ್ಮಲ್ಲಿ ಚರಿತ್ರೆಗೆ ಸಾಕ್ಷಿ ಇತ್ತು. ಬಲಿಪೀಠದ ಪಕ್ಕ ದೊಡ್ಡದೊಂದು ತೇಗದ ಕುರ್ಚಿ, ದೊರೆ ಕುರ್ಚಿ. ಅದನ್ನೂ ತಂದಿಟ್ಟವನು ನಮ್ಮಪ್ಪ. ಯಾರೂ ಅದರ ಮೇಲೆ ಕೂರುವಂತಿಲ್ಲ. ಮಕ್ಕಳಿಗೆ ಜ್ವರ ಬಂದರೆ ತಾಯಂದಿರು ಅದರ ಕಾಲಿಗೆ ಮುಟ್ಟಿಸಿಕೊಂಡು ಹೋಗುತ್ತಿದ್ದರು.

ಅಯ್ಯನವರು ಇಸವಿ ಏನಾದರೂ ಕೆತ್ತಿದೆಯೋ ಎಂದು ಕುರ್ಚಿ ಮಗುಚಿದರು. ಇಂಗ್ಲಿಷಿನಲ್ಲಿ ಏನೋ ಸುಟ್ಟು ಬರೆದಿತ್ತು. ಬಗ್ಗಿ ಓದಿದರು.

"ರೈಲ್ವೆ. ವೇಟಿಂಗ್ ರೂಮು. ಫಸ್ಟ್ ಕ್ಲಾಸ್."

ಹನ್ನೊಂದು ಮನೆಯಲ್ಲಿ ಹತ್ತು ಮನೆಯವರು ನನ್ನ ಕಡೆ ತಿರುಗಿದರು.

"ದೊರೆಗಳು ಕೊಟ್ರು ಅಂತ ನಿಮ್ಮಪ್ಪ ಹೇಳಿದ್ದನಲ್ಲೋ?" ಎಂದ ಗಾರ್ಡಣ್ಣ.

"ಕೊಟ್ರು ಅಂದಿಲ್ಲ ಗಾರ್ಡಣ್ಣ. ದೊರೆಗಳು ಕುಂತ ಕುರ್ಚಿ ಅಂದಿದ್ದ. ಗಾಡಿ ಕಾಯ್ತಾ ಕುಂತಿರ್ತಾರೆ" ಎಂದೆ.

ಕುರ್ಚಿ ವಾಪಸು ಕೊಡಲೇಬೇಕು ಎಂದರು ಅಯ್ಯನವರು. ನಾಲ್ಕು ಜನ ಹೊತ್ತೆವು. ಸ್ಟೇಷನ್ ಮಾಸ್ಟರರು ಕುರ್ಚಿ ನೋಡಿದವರೇ ಎದ್ದುನಿಂತು ಬಾಗಿಲು ಹಾಕಿದರು.

"ಇದನ್ನ ವಾಪಸ್ ತಗಳ್ಳಬೇಕಾದ್ರೆ ಕಳೆದುಹೋಗಿತ್ತು ಅಂತ ಮೊದಲು ಬರೀಬೇಕು. ಇಲ್ಲಿಗೆ ಬಂದ ಮಾಸ್ಟರುಗಳೆಲ್ಲ ಎಲ್ಲಾ ಸರಿಯಾಗೈತೆ ಅಂತ ಸಹಿ ಹಾಕ್ಕಂಡು ಬಂದವ್ರೆ, ನಾನೂ ಹಾಕೀನಿ. ಈ ಕುರ್ಚಿ ಕಳೆದೇ ಇಲ್ಲ ಕಣ್ರಪ್ಪ! ಎತ್ಕಂಡ್ ಹೋಗ್ರಿ."

ಹೊತ್ತುಕೊಂಡು ವಾಪಸು ಬಂದೆವು. ಆದರೆ ಅಪ್ಪನ ಮಾತಿಗಿದ್ದ ಬೆಲೆ ಮಾತ್ರ ವಾಪಸು ಬರಲಿಲ್ಲ.

*ಎಷ್ಟು ಜನ?*

ನವೆಂಬರಿನಲ್ಲಿ ಅಯ್ಯನವರು ಮತ್ತಾಯನ ಸುವಾರ್ತೆಯ ಎರಡನೇ ಅಧ್ಯಾಯ ತೆರೆದರು, ರಾಜರ ಕತೆ ಬರುವುದು ಅಲ್ಲೇ. ನಾನು ಆ ದಿನ ರಜೆ ಹಾಕಿ ಮುಂದಿನ ಸಾಲಿನಲ್ಲೇ ಕೂತಿದ್ದೆ.

"ಮೂರು ಜನ ಅಂತ ಪುಸ್ತಕದಲ್ಲಿ ಇಲ್ಲ. ಕಾಣಿಕೆ ಮೂರು ಅಷ್ಟೆ. ಅವರು ರಾಜರೂ ಅಲ್ಲ, ಜೋಯಿಸರು. ಕೊಟ್ಟಿಗೆಗೂ ಬರಲಿಲ್ಲ, ಮನೆಗೆ ಬಂದರು. ಅಷ್ಟು ಹೊತ್ತಿಗೆ ಮಗು ನಡೆದಾಡುವಷ್ಟು ಆಗಿದ್ದರೂ ಇರಬಹುದು."

ರಾಜರ ಪಾತ್ರವಿಲ್ಲದ ಎಂಟು ಮನೆಗಳೂ ಒಟ್ಟಿಗೆ ಎದ್ದವು.

"ಮೂರೇ ಜನ ಅಂತ ಇಲ್ಲ ಅಂದ್ಮೇಲೆ ನಾವೇನ್ ಪಾಪ ಮಾಡಿದ್ವಿ? ಇಷ್ಟು ವರ್ಷ ಕುರಿ ಆಗಿ ಆಗಿ ಮಂಡಿ ಸವೆದೈತೆ!"

ಗಾರ್ಡಣ್ಣ ಇದೇ ಸಮಯ ಎಂದು ಬೆಂಕಿಗೆ ಎಣ್ಣೆ ಹೊಯ್ದ. "ಚಿನ್ನದ ಚೊಂಬು ಒಂದೇ ಮನೇಲಿ ಯಾಕೆ ಇರ್ಬೇಕು? ದೊರೆಗಳ ಕತೆ ಕುರ್ಚೀಲೇ ಗೊತ್ತಾತಲ್ಲ. ಈ ವರ್ಷ ಇವನೇ ಕೊನೇ ಸಲ ಹಿಡೀಲಿ, ಬರೋ ವರ್ಷದಿಂದ ಸರದಿ."

ಚೀಟಿ ಎತ್ತಿದರು. ಮೊದಲ ಸರದಿ ಗಾರ್ಡಣ್ಣನದೇ ಬಂತು. ಎರಡನೆಯದಕ್ಕೆ ಇಬ್ಬರು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡರು.

ಅಂದು ಮನೆಯಲ್ಲಿ ನನಗೆ ಮುದ್ದೆ ಇಳಿಯಲಿಲ್ಲ. ಹೆಂಡತಿ ಹೇಳಿದಳು, "ಹೋದ್ರೆ ಹೋಗ್ಲಿ ಬಿಡ್ರಿ. ರಾಜ ನೀವು. ವರ್ಷ ವರ್ಷ ಹುಣಸೆಹಣ್ಣು ಹಾಕಿ ತಿಕ್ಕೋಳು ನಾನು."

"ಅಪ್ಪಂಗೆ ಮಾತು ಕೊಟ್ಟೀನಿ ಕಣೇ."

"ಮಾವನೋರು ಬೇರೆಯೋರ ಕೈಗೆ ಕೊಡಬೇಡ ಅಂದ್ರು, ಸರಿ. ಯಾಕೆ ಅಂತ ಹೇಳಿದ್ರಾ?"

ಹೇಳಿರಲಿಲ್ಲ.

*ಹನ್ನೊಂದು ಜೋಯಿಸರು*

ಕ್ರಿಸ್‌ಮಸ್ ಸಂಜೆ ನಾಟಕ. ಎಲ್ಲರೂ ಜೋಯಿಸರೇ ಆದ್ದರಿಂದ ಕುರುಬರಾಗಲು ಒಬ್ಬರೂ ಸಿಗಲಿಲ್ಲ. ದೇವದೂತನು ಅವರಿಗೆ ಹೇಳಬೇಕಾದ ಮಹಾ ಸಂತೋಷದ ಸುದ್ದಿಯನ್ನು ಖಾಲಿ ಗೋಡೆಗೆ ಹೇಳಿ ಇಳಿದ. ಕೆಳಗೆ ಚಾಪೆಯ ಮೇಲೆ ನಮ್ಮ ಹೆಂಗಸರು, ಸ್ಟೇಷನ್ನಿನ ಹಿಂದೂ ಮುಸ್ಲಿಂ ಸಿಬ್ಬಂದಿ. ದೊರೆ ಕುರ್ಚಿಯ ಮೇಲೆ, ಮುಖ್ಯ ಅತಿಥಿಯಾಗಿ, ಸ್ಟೇಷನ್ ಮಾಸ್ಟರರು. ಅವರ ಕುರ್ಚಿಯಲ್ಲಿ ಅವರು ಕೂತರೆ ಯಾರು ಏನೆಂದಾರು?

ಮಗು ನಡೆದಾಡುವಂಥದ್ದು ಇರಬಹುದು ಎಂದಿದ್ದರಲ್ಲ, ಹಾಗಾಗಿ ದೊಡ್ಡಮ್ಮನ ಒಂದೂವರೆ ವರ್ಷದ ಮರಿಮೊಮ್ಮಗನೇ ಬಾಲಯೇಸು. ತಾಯಿ ಮರಿಯಳ ತೊಡೆಯ ಮೇಲೆ ಅದು ಎರಡು ನಿಮಿಷ ಕೂತಿದ್ದರೆ ಹೆಚ್ಚು.

ಹನ್ನೊಂದು ಜೋಯಿಸರು ಒಟ್ಟಿಗೆ ಬಾಗಿಲಿಗೆ ನುಗ್ಗಿದೆವು. ಯಾರು ಮೊದಲು ಎಂದು ಅಲ್ಲೇ ತಳ್ಳಾಟ. ಒಬ್ಬನ ಕೈಯಲ್ಲಿ ಬೆಲ್ಲದ ಅಚ್ಚು, ಒಬ್ಬನದು ಹಿರಿಯೂರಿನ ಕೊಬ್ಬರಿ ಗಿಟುಕು, ಇನ್ನೊಬ್ಬನ ಕಂಕುಳಲ್ಲಿ ಜೀವಂತ ಹುಂಜ. ಎಲ್ಲರಿಗೂ ಹತ್ತಿಯ ಗಡ್ಡ. ಹನ್ನೊಂದು ಗಡ್ಡ ಒಟ್ಟಿಗೆ ನೋಡಿ ಬಾಲಯೇಸು ಕಿಟಾರನೆ ಕಿರುಚಿಕೊಂಡಿತು. ಬೆಲ್ಲ ತೋರಿಸಿದರು, ನಿಲ್ಲಿಸಲಿಲ್ಲ. ಹುಂಜ ತೋರಿಸಿದರು, ಇನ್ನೂ ಜೋರಾಯಿತು.

ನಾನು ಕೊನೆಯ ಸಲ ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಚೊಂಬು ಮುಂದೆ ಹಿಡಿದೆ. ಪೆಟ್ರೊಮ್ಯಾಕ್ಸ್ ಬೆಳಕಿಗೆ ಅದು ಥಳಥಳ ಹೊಳೆಯಿತು. ಮಗು ಅಳು ನಿಲ್ಲಿಸಿ ಎರಡೂ ಕೈಯಲ್ಲಿ ಅದನ್ನು ಕಸಿದುಕೊಂಡಿತು.

"ನೋಡ್ರಪ್ಪ! ಎಷ್ಟು ಜನ ಬಂದ್ರು ಅಂತ ಪುಸ್ತಕದಾಗೆ ಇಲ್ಲ, ಯಾರದ್ದು ಇಸ್ಕಂಡ ಅಂತ ಈಗ ಕಂಡ್ರಲ್ಲ!" ಎಂದು ದೊಡ್ಡಮ್ಮ ಕೂಗಿದಳು. ಜನ ಚಪ್ಪಾಳೆ ಹೊಡೆದರು. ಗಾರ್ಡಣ್ಣನ ಮುಖ ಕಪ್ಪಿಟ್ಟಿತು. ನಾನು ಮನಸ್ಸಿನಲ್ಲೇ ಅಪ್ಪನಿಗೆ ಕೈಮುಗಿದೆ.

ಮುಗಿಯುವ ಹೊತ್ತಿಗೆ ಬಾಲಯೇಸು ಚೊಂಬನ್ನು ಎತ್ತಿ ನೆಲಕ್ಕೆ ಬಡಿಯಿತು. ಇನ್ನೊಮ್ಮೆ ಬಡಿಯಿತು. ಅಡಿಯ ಅರಗು ಚಕ್ಕೆಯಾಗಿ ಹಾರಿತು. ಚೊಂಬು ಅಪ್ಪ ಹೇಳಿದ್ದ ಹಾಗೆಯೇ ಉರುಳಿ, ಸೀದಾ ಹೋಗಿ ಸ್ಟೇಷನ್ ಮಾಸ್ಟರರ ಕಾಲಿಗೆ ಬಡಿದು ನಿಂತಿತು.

ಅವರು ಎತ್ತಿಕೊಂಡು ತಿರುಗಿಸಿದರು. ಇಂಗ್ಲಿಷಿನಲ್ಲಿ ಏನು ಬರೆದಿದ್ದರೂ ಗಟ್ಟಿಯಾಗಿ ಓದುವ ಅಭ್ಯಾಸ ಅವರಿಗೆ. ಓದಿದರು. ನಮಗಾಗಿ ಕನ್ನಡದಲ್ಲೂ ಹೇಳಿದರು.

"ರೈಲ್ವೆ. ವೇಟಿಂಗ್ ರೂಮು. ಫಸ್ಟ್ ಕ್ಲಾಸ್. ಪಾಯಖಾನೆ."

ಹುಂಜ ಕೂಡ ಸುಮ್ಮನಾಯಿತು.

ಸ್ಟೇಷನ್ ಮಾಸ್ಟರರಿಗೆ ಮೊದಲು ಎಚ್ಚರವಾಯಿತು. "ಇದೂ ಕಳೆದಿಲ್ಲ" ಎಂದವರೇ ಚೊಂಬನ್ನು ನೆಲಕ್ಕಿಟ್ಟು, ಕರವಸ್ತ್ರದಲ್ಲಿ ಕೈ ಒರೆಸಿಕೊಂಡರು.

ನಾನು ತಲೆ ತಗ್ಗಿಸಿ ನಿಂತೆ. ನನ್ನ ಅಪ್ಪ ಸುಳ್ಳುಗಾರ ಎಂದು ಇಡೀ ಊರು ಹೇಳುವ ಘಳಿಗೆ ಅದು. ಆಗ ಎದ್ದವಳು ದೊಡ್ಡಮ್ಮ.

"ಯಾಕ್ರಲೇ ಹಂಗ್ ನೋಡ್ತೀರಾ? ಅವನಪ್ಪ ಏನ್ ಸುಳ್ಳು ಹೇಳ್ದ? ದೊರೆಗಳು ಕೈಯಾರೆ ಮುಟ್ಟಿದ ಚೊಂಬು ಅಂದ. ಅಲ್ಲಿಗೆ ಹೋದೋರು ಮುಟ್ಟದೆ ಆಗ್ತೈತಾ?"

ಮುಂದಿನ ವರ್ಷ ನವೆಂಬರಿನಲ್ಲಿ ಅಯ್ಯನವರು ಪಟ್ಟಿ ಹಿಡಿದು, "ಚೊಂಬಿನ ಸರದಿ ಗಾರ್ಡಣ್ಣನವರದು, ಅಲ್ಲವೇ?" ಎಂದು ಕೇಳಿದರು.

ಗಾರ್ಡಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಎದ್ದುನಿಂತ.

"ಛೆ ಛೆ, ಎಲ್ಲಾದರೂ ಉಂಟಾ ಅಯ್ನೋರೇ! ಅದು ಅವರ ಮನೆತನದ ಹಕ್ಕು. ಪುಸ್ತಕದಾಗೆ ಇಲ್ದಿದ್ರೂ ಪರವಾಗಿಲ್ಲ."