ಹುನ್ನೂರಿನ ರೇಡಿಯೋ ಹಾಡಿದ್ದು

ಇಡೀ ಹುನ್ನೂರಿನಲ್ಲಿ ಗಟ್ಟಿ ಬೀಗವಿದ್ದ ಪೆಟ್ಟಿಗೆ ಒಂದೇ ಒಂದು. ಅದು ಮುಂಬಯಿ ಸರ್ಕಾರ ಊರಿಗೆ ಕೊಟ್ಟ ರೇಡಿಯೋದ ಪೆಟ್ಟಿಗೆ. ಹೀಗಾಗಿ ಅದರ ಕೀಲಿ ಇಟ್ಟುಕೊಂಡಿದ್ದ ಮುರಗೆಪ್ಪ ತನ್ನ ಶೇಂಗಾದ ಉಂಡಿಗಳನ್ನು ಅದರೊಳಗೇ ಇಡುತ್ತಿದ್ದ. ಮನುಷ್ಯರಿಂದ ಉಂಡಿಗಳು ಉಳಿದವು. ಇಲಿಗಳು ಮಾತ್ರ ಹಿಂದಿನ ತೂತಿನಿಂದ ಒಳಹೊಕ್ಕು ಉಂಡಿ ಮುಗಿಸಿದವು, ಬಾಯಿರುಚಿ ಸಾಲದೆ ವಾಯರುಗಳನ್ನೂ ಶ್ಯಾವಿಗೆಯಂತೆ ಉಂಡು ಹೋದವು.

ಇದು ಮುರಗೆಪ್ಪನಿಗೆ ತಿಳಿದದ್ದು ಬುಧವಾರ ಬೆಳಿಗ್ಗೆ. ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗಲೇ ಪಾಟೀಲ ಗಿರಿಮಲ್ಲಪ್ಪ ಏದುಸಿರು ಬಿಡುತ್ತ ಬಂದ.

"ಲೇ ಮುರಗ್ಯಾ, ರೇಡಿಯೋ ಖಾತೆ ಸಾಹೇಬ ಬರಾಕತ್ತಾನ. ಜಮಖಂಡಿ ಬಿಟ್ಟಾನಂತ!"

ಮುರಗೆಪ್ಪ ಪೆಟ್ಟಿಗೆ ತೆರೆದು ತೋರಿಸಿದ. ಪಾಟೀಲನ ಮೀಸೆ ಎರಡೂ ಕಡೆ ಜೋತುಬಿತ್ತು.

"ನಾ ಎಷ್ಟು ಅರ್ಜಿ ಬರದು ತಂದದ್ದಲೇ ಇದು! ಕೆಟ್ಟೈತಿ ಅಂದ್ರ ಸಾಹೇಬ ಎತ್ತಿಕೊಂಡು ಚಿಕ್ಕಪಡಸಲಗಿಯವರಿಗೆ ಕೊಡತಾನ. ಅವರ ಮುಂದ ನಾ ಹೆಂಗ ತಲಿ ಎತ್ತಿ ಅಡ್ಡಾಡ್ಲಿ? ಮೊದಲ ನಿನ್ನ ತಲಿ ತಗೀತೇನಿ."

ಮುರಗೆಪ್ಪ ಸಣ್ಣಾಟದ ಮನುಷ್ಯ. ಆಟದಲ್ಲಿ ಹೆಣ್ಣುಪಾತ್ರ ಮಾಡುತ್ತಿದ್ದ. ರಾಜನ ಪಾತ್ರದವ ಕುಡಿದು ಬಿದ್ದ ದಿನ ಪರದೆಯ ಹಿಂದಿನಿಂದ ರಾಜನ ಮಾತನ್ನೂ ತಾನೇ ಆಡಿ ಮುಗಿಸಿದ್ದ. ಅದು ಪಾಟೀಲನಿಗೆ ನೆನಪಾಯಿತು. ರೇಡಿಯೋ ಇದ್ದದ್ದು ಚಾವಡಿಯ ಒಳಕೋಣೆಯಲ್ಲಿ. ಗೋಡೆಯ ಕಿಂಡಿಯಲ್ಲಿ ಕೂರಿಸಿದ, ತುತ್ತೂರಿಯಂಥ ಭೋಂಗಾದ ಅಗಲ ಬಾಯಿ ಹೊರಗೆ ಜನರ ಕಡೆಗಿತ್ತು, ಸಣ್ಣ ಬಾಯಿ ಒಳಗೆ.

"ಒಳಗ ನಡಿ. ಇವತ್ತ ನೀನ ರೇಡಿಯೋ," ಎಂದ ಪಾಟೀಲ.

ಮಧ್ಯಾಹ್ನ ಜೀಪು ಬಂತು. ಶ್ರೀಧರರಾವ ಸಾಹೇಬರು ಕರೀ ಟೋಪಿ ಸರಿಮಾಡಿಕೊಂಡು ಖುರ್ಚಿಯಲ್ಲಿ ಕೂತರು. ಚಾವಡಿ ತುಂಬ ಜನ.

"ರೇಡಿಯೋ ಹಚ್ಚಾಕ ನಮ್ಮ ಮುರಗೆಪ್ಪ ಒಳಗ ಹೋಗ್ಯಾನ್ರಿ," ಎಂದು ಪಾಟೀಲ ಕೆಮ್ಮಿದ.

ಭೋಂಗಾ ಮೊದಲು ಗೊರಗೊರ ಎಂದಿತು, ಆಮೇಲೆ ಸಿಳ್ಳೆ ಹಾಕಿತು. ಕಡೆಗೆ ಗಂಭೀರ ದನಿಯೊಂದು ಹೊರಬಿತ್ತು: "ಇದು ಧಾರವಾಡ. ರೈತ ಬಾಂಧವರಿಗೆ ನಮಸ್ಕಾರ. ಎತ್ತುಗಳಿಗೆ ದಿನವೂ ನೀರು ಕುಡಿಸಬೇಕು."

ಸಾಹೇಬರು ತಲೆದೂಗಿದರು. ಮುಂದಿನ ಸಾಲಿನಲ್ಲಿದ್ದ ಬೋರವ್ವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಆಕೆ ಭೋಂಗಾದ ಬಾಯಿಗೇ ಮುಖವೊಡ್ಡಿ ಕೇಳಿದಳು, "ಯಪ್ಪಾ, ನಮ್ಮ ಎಮ್ಮಿ ಎರಡು ದಿನದಿಂದ ಮೇವು ಮುಟ್ಟವಲ್ದು. ಏನ್ ಮಾಡ್ಲಿ?"

"ಒಂದೀಟು ಓಂಕಾಳು ಕುದಿಸಿ ಕುಡಸ ಬೇ," ಎಂದುಬಿಟ್ಟಿತು ಧಾರವಾಡ.

ಸಾಹೇಬರ ಹುಬ್ಬು ಟೋಪಿಯೊಳಗೆ ಹೋಯಿತು. ಒಳಗೆ ಮುರಗೆಪ್ಪ ನಾಲಗೆ ಕಚ್ಚಿಕೊಂಡ. ಆಮೇಲೆ ಅವಸರವಾಗಿ, "ನೀವೀಗ ಕೇಳಿದ್ದು ಒಂದು ಕಿರುನಾಟಕದ ಭಾಗ," ಎಂದ.

"ವಿಚಿತ್ರ ಅದ," ಎಂದು ಸಾಹೇಬರು ಎದ್ದರು. "ಪಾಟೀಲರ, ಸೆಟ್ ಒಮ್ಮೆ ನೋಡೂಣ ನಡೀರಿ."

ಸಾಹೇಬರ ಬೂಟಿನ ಸಪ್ಪಳ ಬಾಗಿಲಿಗೆ ಬಂದಂತೆ ಮುರಗೆಪ್ಪ ಭೋಂಗಾದ ಸಣ್ಣ ಬಾಯಿಯನ್ನು ಎರಡೂ ಕೈಯಿಂದ ಹಿಡಿದ. ಬಾಯಿಗೆ ಬಂದದ್ದನ್ನು ಕೂಗಿದ: "ಎಚ್ಚರಿಕೆ! ಜಮಖಂಡಿ ತಾಲೂಕಿನಲ್ಲಿ ಈಗಿಂದೀಗಲೇ ಆಣೆಕಲ್ಲು ಮಳೆ!"

"ಅಯ್ಯಯ್ಯ, ನನ್ನ ಹಪ್ಪಳ!" ಎಂದು ಬೋರವ್ವ ಓಡಿದಳು. ಅಂಗಡಿಯ ಪಾರಿಸಪ್ಪ ಮಾಳಿಗೆಯ ಮೇಲೆ ಹರವಿದ ಮೆಣಸಿನಕಾಯಿ ನೆನೆದು ಪಂಜೆ ಎತ್ತಿ ಕಟ್ಟಿದ. ಕಣ್ಣು ಮಿಟುಕಿಸುವುದರೊಳಗೆ ಚಾವಡಿ ಖಾಲಿ. ಮೇಲೆ ಬಿಸಿಲು ಕಾದ ಹಂಚಿನಂತೆ ಸುಡುತ್ತಿತ್ತು.

ಸಾಹೇಬರು ಬಾಗಿಲಲ್ಲೇ ನಿಂತುಬಿಟ್ಟರು. "ಬೇರೆ ಊರಾಗ ರೇಡಿಯೋ ಮುಂದ ಜನ ಗೊರಕಿ ಹೊಡೀತಾರ್ರಿ. ಇಲ್ಲಿ ಹೇಳಿದ ಕೂಡಲೇ ಓಡ್ತಾರ! ಭಲೇ!" ಎಂದು ಪುಸ್ತಕ ತೆಗೆದು ಬರೆದುಕೊಳ್ಳುತ್ತ ಮತ್ತೆ ಖುರ್ಚಿಗೆ ಬಂದರು.

ಒಂದು ಹನಿಯೂ ಬೀಳದೆ ಜನ ಬೈಯುತ್ತ ಮರಳಿದರು. ಅವರ ಬಾಯಿ ಮುಚ್ಚಿಸಲು ಮುರಗೆಪ್ಪನಿಗೆ ಉಳಿದದ್ದು ಹಾಡು ಮಾತ್ರ. ಕಣ್ಣು ಮುಚ್ಚಿ ಹೆಣ್ಣುದನಿ ತೆಗೆದ:

"ಹೊಳೀ ದಂಡಿಗೆ ನಿಂತೇನಿ ಗೆಣೆಯಾ, ಹರಗೋಲ ಎಲ್ಲಿ ಬಿಟ್ಟಿ..."

ಯಾರೂ ನೋಡುತ್ತಿಲ್ಲವೆಂಬ ಧೈರ್ಯಕ್ಕೋ ಏನೋ, ಅಂಥ ಹಾಡನ್ನು ಅವನು ಹಿಂದೆಂದೂ ಹಾಡಿರಲಿಲ್ಲ. ಬೋರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಹೇಬರ ಟೋಪಿ ಜಾರಿದ್ದು ಅವರಿಗೇ ಗೊತ್ತಾಗಲಿಲ್ಲ.

ಹಾಡು ಮುಗಿಯಿತು. ಸಾಹೇಬರು ಮೂಗು ಒರೆಸಿಕೊಂಡು, "ಪಾಟೀಲರ, ಸೆಟ್ ನೋಡೂದು ಬ್ಯಾಡ ಬಿಡ್ರಿ. ನಾ ಬಂದದ್ದು ಇನ್ನೊಂದು ಕೆಲಸಕ್ಕ," ಎಂದರು. "ಹಳ್ಳಿ ಕಲಾವಿದರಿಗೆ ಸರ್ಕಾರ ಈ ವರ್ಷ ಅನುದಾನ ಕೊಡ್ತದ. ವರ್ಷಪೂರ್ತಿ ಸಂಬಳ, ಮ್ಯಾಲ ರೇಡಿಯೋದಾಗ ಹಾಡೂ ಅವಕಾಶ. ನಿಮ್ಮೂರಾಗ ಯಾರರೆ ಹಾಡೋರು ಇದ್ದಾರ?"

"ಮುರಗ್ಯಾ! ಹೊರಗ ಬಾರಲೇ!" ಪಾಟೀಲ ಕೋಣೆಯ ಬಾಗಿಲು ಬಡಿದ.

ಮುರಗೆಪ್ಪ ಮುಖದ ಜೇಡರಬಲೆ ಒರೆಸಿಕೊಳ್ಳುತ್ತ ಓಡಿಬಂದ. ಇಡೀ ಜನ್ಮದಲ್ಲಿ ಇಂಥ ಗಳಿಗೆ ಬಂದಿರಲಿಲ್ಲ. ಕೈಮುಗಿದು ಅದೇ ಹಾಡನ್ನು, ಅದೇ ದನಿಯಲ್ಲಿ, ಜೀವ ಒತ್ತೆಯಿಟ್ಟು ಹಾಡಿದ.

ಸಾಹೇಬರು ಅರ್ಧಕ್ಕೇ ಕೈಯೆತ್ತಿದರು.

"ಸಾಕಪಾ. ತಪ್ಪು ತಿಳಕೋಬ್ಯಾಡ. ಆ ಧಾರವಾಡದವರು ಹಾಡಿದ ಹಾಡನ್ನ ಹಾಡೂ ಧೈರ್ಯ ಮಾಡೀಯಲ್ಲ, ಅದ ದೊಡ್ಡದು. ಆದ್ರ ಆ ಕಂಠ ಎಲ್ಲಿ, ನಿಂದೆಲ್ಲಿ?"

"ಖರೆ ಐತ್ರಿ," ಎಂದಳು ಬೋರವ್ವ. "ಈ ಮುರಗ್ಯಾಂದು ಬರೇ ಬಾಯಿ. ಆಕಿ ನೋಡ್ರಿ, ಕರಳ ಕಿತ್ತಿದ್ಲು."

ಮುರಗೆಪ್ಪ ಬಾಯಿ ತೆರೆದ. ಪಾಟೀಲ ಅವನ ಕಾಲ ಹೆಬ್ಬೆರಳನ್ನು ಚಪ್ಪಲಿಯಿಂದ ಒತ್ತಿದ. ತೆರೆದ ಬಾಯಿ ಮುಚ್ಚಿತು.

"ಈ ಅನುದಾನ ಆ ಗಾಯಕಿ ಬಾಯಿಯವರಿಗೇ ಕೊಡಸ್ತೇನಿ. ಧಾರವಾಡಕ್ಕ ಬರದು ಯಾರಂತ ಹುಡುಕಸ್ತೇನಿ," ಎಂದು ಸಾಹೇಬರು ಜೀಪು ಹತ್ತಿದರು. ಹತ್ತಿದವರು ಕರುಣೆಯಿಂದ ಹೊರಗೆ ಬಗ್ಗಿ, "ತಮ್ಮಾ, ನಿನ್ನ ಕೈಯಾಗ ರೇಡಿಯೋ ಅದ. ಆ ಬಾಯಿಯವರ ಹಾಡು ದಿನಾ ಲಕ್ಷ್ಯ ಕೊಟ್ಟು ಕೇಳು. ನಿನಗೂ ಒಂದೀಟು ಬಂದೀತು," ಎಂದರು.

ಧೂಳು ಅಡಗಿತು. ಜನ ಮಾತ್ರ ಎದ್ದಿರಲಿಲ್ಲ.

"ಸಾಹೇಬ್ರು ಹೇಳಿದ್ದು ಕೇಳಿದಿಲ್ಲೋ ಮುರಗೆಪ್ಪಾ?" ಪಾರಿಸಪ್ಪ ಗೋಡೆಗೆ ಬೆನ್ನು ಹಚ್ಚಿ ಕಾಲು ಚಾಚಿದ. "ಹಚ್ಚು ಆಕೀನ. ನಾವೂ ಕೇಳತೇವಿ, ನೀನೂ ಕಲಿ."

ಮುರಗೆಪ್ಪ ಪಾಟೀಲನ ಮುಖ ನೋಡಿದ. ಪಾಟೀಲ ಆಕಾಶ ನೋಡುತ್ತಿದ್ದ. ಮುರಗೆಪ್ಪ ಒಂದು ತಂಬಿಗೆ ನೀರು ಕುಡಿದು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.