ಸೈಕಲ್ ಹತ್ತುವ ಕಲ್ಲು

ವಯಸ್ಸಾಯಿತೆನ್ನುವ ಸುದ್ದಿ ಊರಿಗೆಲ್ಲ ತಿಳಿದು ಹಳೆಯದಾದ ಮೇಲೆ ಕಟ್ಟಕಡೆಗೆ ತಿಳಿಯುವುದು ವಯಸ್ಸಾದವನಿಗೆ. ನನ್ನ ವಿಷಯದಲ್ಲಿ ಅದನ್ನು ಮೊದಲು ಪತ್ತೆ ಹಚ್ಚಿದವನು ನಮಗೆಲ್ಲ ಕ್ಷೌರ ಮಾಡುವ ಮುನಿಯಪ್ಪ. ತಲೆ ಮುಗಿಸಿ, ಬಟ್ಟೆ ಒದರಿ, ಆಯ್ತು ಸ್ವಾಮಿ ಎಂದು ಎಬ್ಬಿಸಿ ಕಳಿಸುತ್ತಿದ್ದವನು ಒಂದು ಭಾನುವಾರ ಕತ್ತರಿಯನ್ನು ಹಾಗೇ ಹಿಡಿದುಕೊಂಡು, ಕಿವಿಯ ಮೇಲಿರುವುದನ್ನೂ ತೆಗೆದುಬಿಡಲೇ ಎಂದು ವಿನಯದಿಂದ ಕೇಳಿದ. ತಲೆಯಿಂದ ಹೊರಟ ಕೂದಲು ಕೆಲಸ ಬಿಟ್ಟು ಹೋದವು ಎಂದುಕೊಂಡಿದ್ದೆ. ಅವು ಕಿವಿಗೆ ವರ್ಗ ಮಾಡಿಸಿಕೊಂಡಿದ್ದವು. ಆಮೇಲೆ ಮಾರ್ಕೆಟ್ಟಿನಲ್ಲಿ, ನನ್ನನ್ನು ಅಣ್ಣಾ ಎಂದು ಕರೆದು ಬದನೆಕಾಯಿ ತೋರಿಸುತ್ತಿದ್ದ ಹೆಂಗಸು ಇದ್ದಕ್ಕಿದ್ದಂತೆ ಯಜಮಾನ್ರೇ ಎನ್ನತೊಡಗಿದಳು. ಕಚೇರಿಯಲ್ಲಿ ಹೊಸದಾಗಿ ಸೇರಿದ ಗುಮಾಸ್ತರು ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದರು. ಅದು ನನ್ನ ಹುದ್ದೆಗೆ ಸಲ್ಲುವ ಗೌರವವೆಂದು ಕೆಲವು ತಿಂಗಳು ಹಿಗ್ಗಿದ್ದೆ. ನನಗಿಂತ ಮೇಲಿನವರೂ ವಯಸ್ಸಿನಲ್ಲಿ ಕಿರಿಯರೂ ಆದ ಸೂಪರಿಂಟೆಂಡೆಂಟರು ಬಂದಾಗ ಅದೇ ಗುಮಾಸ್ತರು ಕುಳಿತೇ ನಮಸ್ಕಾರ ಹೇಳಿದ್ದನ್ನು ಕಂಡ ದಿನ ಆ ಸಂತೋಷವೂ ಮುಗಿಯಿತು.

ಇವನ್ನೆಲ್ಲ ನಾನು ಸಹಿಸಿಕೊಂಡೆ. ಕಿವಿ, ಕೂದಲು, ಮರ್ಯಾದೆ ಇವೆಲ್ಲ ಬೇರೆಯವರು ನೋಡುವ ಸಂಗತಿಗಳು. ಅವರಿಗಿಲ್ಲದ ಬೇಸರ ನನಗೇಕೆ? ಆದರೆ ಸೈಕಲ್ ಹಾಗಲ್ಲ. ಮೈಸೂರಿನಲ್ಲಿ ಗಂಡಸಾದವನ ಯೋಗ್ಯತೆಯನ್ನು ಅವನು ಸೈಕಲ್ ಹತ್ತುವ ರೀತಿಯಲ್ಲಿ ಅಳೆಯುತ್ತಿದ್ದ ಕಾಲ ಅದು. ಎಡಗಾಲನ್ನು ಪೆಡಲಿನ ಮೇಲಿಟ್ಟು, ಬಲಗಾಲಿನಲ್ಲಿ ನೆಲವನ್ನು ಒಂದೆರಡು ಸಲ ಒದ್ದು, ಗಾಡಿ ಓಟ ಹಿಡಿಯುತ್ತಿದ್ದಂತೆ ಬಲಗಾಲನ್ನು ಹಿಂದಿನಿಂದ ಬೀಸಿ ಸೀಟಿನ ಮೇಲೆ ಕೂತುಬಿಡಬೇಕು. ಕೋಟಿನ ಅಂಚು ಮಡಿಸಿಕೊಳ್ಳಬಾರದು, ಮುಖದಲ್ಲಿ ಕಷ್ಟ ಕಾಣಬಾರದು, ಮಾತಾಡುತ್ತಿದ್ದರೆ ಮಾತು ನಿಲ್ಲಬಾರದು. ನಾನು ಈ ವಿದ್ಯೆಯಲ್ಲಿ ಚಾಮುಂಡಿಪುರದ ನಮ್ಮ ಬೀದಿಗೇ ಹೆಸರಾಗಿದ್ದೆ. ಹಾಗೆಂದು ಯಾರೂ ನನಗೆ ಹೇಳಿದ್ದಿಲ್ಲ, ನಾನೇ ತಿಳಿದುಕೊಂಡಿದ್ದೆ.

ನಮ್ಮ ಬೀದಿಯ ತುದಿಯಲ್ಲಿ ಶಾಮರಾಯರ ಮನೆ. ಅವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ದಿನವೂ ನಾನು ಕಚೇರಿಗೆ ಹೊರಡುವ ಹೊತ್ತಿಗೇ ಅವರೂ ಪತ್ರಿಕೆ ಓದಲು ವಾಚನಾಲಯಕ್ಕೆ ಹೊರಡುತ್ತಿದ್ದರು. ರಾಯರು ಸೈಕಲ್ಲನ್ನು ತಳ್ಳಿಕೊಂಡು ಮೋರಿಯ ಕಟ್ಟೆಯವರೆಗೆ ಬಂದು, ಅದರ ಪಕ್ಕಕ್ಕೆ ನಿಲ್ಲಿಸಿ, ಕಟ್ಟೆಯ ಮೇಲೆ ಎಡಗಾಲಿಟ್ಟು, ಒಂದು ಸಲ ಬೆಟ್ಟದ ಕಡೆ ನೋಡಿ, ಆಮೇಲೆ ಬಲಗಾಲನ್ನು ಆ ಕಡೆಗೆ ಸಾಗಿಸುತ್ತಿದ್ದರು. ಸಾಗಿಸುತ್ತಿದ್ದರು ಎಂದರೆ ಸಾಮಾನು ಸಾಗಿಸಿದ ಹಾಗೆಯೇ. ನಾನು ಅವರ ಪಕ್ಕದಲ್ಲೇ ಹಾರಿ ಕೂತು ಹೋಗುವಾಗ ಗಂಟೆಯನ್ನು ಬೇಕಾದ್ದಕ್ಕಿಂತ ಒಂದು ಸಲ ಹೆಚ್ಚೇ ಬಾರಿಸುತ್ತಿದ್ದೆ. ಸಾಯಂಕಾಲ ಹೆಂಡತಿಗೆ, ಇವತ್ತು ರಾಯರ ಸವಾರಿ ಅಂಬಾರಿ ಏರಲು ತಡವಾಯಿತು ಎಂದು ವರದಿ ಒಪ್ಪಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಹಾಸ್ಯ ಅರ್ಥವಾಗದವಳು ಎಂದು ನಾನೇ ನಕ್ಕು ಮುಗಿಸುತ್ತಿದ್ದೆ.

ಆಮೇಲೊಂದು ಚಳಿಗಾಲದಲ್ಲಿ ಬಲಗಾಲು ಮಾತು ಕೇಳದಾಯಿತು. ನೆಲ ಒದೆಯುವುದೇನೋ ಒದೆಯುತ್ತಿತ್ತು; ಬೀಸು ಎಂದರೆ ಬೀಸುತ್ತಿರಲಿಲ್ಲ. ಮೊದಲು ಕ್ಯಾರಿಯರಿನ ಮೇಲಿನ ಊಟದ ಡಬ್ಬಿ ಅಡ್ಡ ಬರುತ್ತದೆ ಎಂದು ಅದರ ಮೇಲೆ ತಪ್ಪು ಹಾಕಿದೆ. ಹೆಂಡತಿ ಡಬ್ಬಿಯನ್ನು ಚೀಲದಲ್ಲಿಟ್ಟು ಹ್ಯಾಂಡಲ್ಲಿಗೆ ತೂಗುಹಾಕಿದಳು. ಆಮೇಲೆ ಸೀಟು ಎತ್ತರವಾಗಿದೆ ಎಂದೆ, ಇಳಿಸಿಯೂ ಆಯಿತು. ಪ್ಯಾಂಟು ಹೊಲಿದ ದರ್ಜಿಯನ್ನೂ ಒಂದು ವಾರ ಬೈದೆ. ಕೊನೆಗೆ ತಪ್ಪು ಹೊರಿಸಲು ಯಾರೂ ಉಳಿಯದಿದ್ದಾಗ, ಗೇಟಿನಾಚೆ ಹೊಂಗೆ ಮರದ ಕೆಳಗಿದ್ದ ಕಲ್ಲು ನನ್ನ ಕಣ್ಣಿಗೆ ಬಿತ್ತು. ಮನೆ ಕಟ್ಟಿಸಿದಾಗ ಮಿಕ್ಕ ಕಲ್ಲು ಅದು. ಮೊಳದೆತ್ತರ, ಮೇಲೆ ಚಪ್ಪಟೆ. ಅಷ್ಟು ವರ್ಷ ಅದರಿಂದ ಯಾರಿಗೂ ಉಪಯೋಗವಾಗಿರಲಿಲ್ಲ, ಅದಕ್ಕೂ ಯಾರಿಂದಲೂ ಉಪದ್ರವವಿರಲಿಲ್ಲ. ಬೀದಿಯ ಆ ಕಡೆ ಈ ಕಡೆ ನೋಡಿ, ಸೈಕಲ್ಲನ್ನು ಅದರ ಪಕ್ಕಕ್ಕೆ ಒರಗಿಸಿ, ಎಡಗಾಲಿಟ್ಟೆ. ಎಂಥ ಸುಖ ಅಂತೀರಿ! ಅಂದಿನಿಂದ ಶೂವಿನ ಲೇಸು ಕಟ್ಟುವ ನೆಪದಲ್ಲಿ ದಿನವೂ ಆ ಕಲ್ಲಿನ ಮೇಲೆ ಕಾಲಿಡುತ್ತಿದ್ದೆ. ಕಟ್ಟಿಯಾದ ಮೇಲೆ ಹೇಗೂ ಕಾಲು ಅಲ್ಲೇ ಇದೆಯಲ್ಲ ಎಂಬಂತೆ ಹತ್ತಿಬಿಡುತ್ತಿದ್ದೆ. ಮನೆಯವರಿಗೂ ಬೀದಿಯವರಿಗೂ ಗೊತ್ತಾಗಲಿಲ್ಲ ಎಂದೇ ನನ್ನ ನಂಬಿಕೆ. ರಾಯರ ವಿಷಯದಲ್ಲಿ ಗಂಟೆ ಬಾರಿಸುವುದನ್ನು ಮಾತ್ರ ನಿಲ್ಲಿಸಿದೆ.

ಹೀಗಿರುವಾಗ ನಮ್ಮ ಬೀದಿಗೆ ಹೊಸ ನೀರಿನ ಕೊಳಾಯಿ ಬಂತು. ಬರುತ್ತದೆ ಎಂದು ಬಹಳ ಕಾಲದಿಂದ ಹೇಳುತ್ತಿದ್ದುದರಿಂದ ಯಾರೂ ನಂಬಿರಲಿಲ್ಲ. ಒಂದು ಸಾಯಂಕಾಲ ಓವರ್ಸಿಯರ್ ಬಂದು ಬೀದಿಯುದ್ದಕ್ಕೂ ಸುಣ್ಣದಲ್ಲಿ ಗೆರೆ ಎಳೆಸುತ್ತ ನಮ್ಮ ಕಲ್ಲಿನ ಮೇಲೂ ಒಂದು ಅಡ್ಡಗೀಟು ಹಾಕಿಸಿದ. ಇದನ್ನು ಬೆಳಿಗ್ಗೆ ತೆಗೆಸುತ್ತೇವೆ ಎಂದ. ತೆಗೆಯಬೇಡಿ ಎಂದೆ. ಇದರಿಂದ ನಿಮಗೇನು ಉಪಯೋಗ ಎಂದು ಕೇಳಿದ. ಅದೊಂದನ್ನು ಮಾತ್ರ ಹೇಳುವ ಹಾಗಿರಲಿಲ್ಲ. ಬಂದವರು ಕೂರುತ್ತಾರೆ ಎಂದೆ. ಮನೆಯೊಳಗೆ ಕುರ್ಚಿ ಇಲ್ಲವೇ ಎಂದ. ಜಟಕಾಗಳು ತಿರುಗುವಾಗ ಕಾಂಪೌಂಡಿಗೆ ತಗಲದಂತೆ ತಡೆಯುತ್ತದೆ ಎಂದೆ. ಜಟಕಾ ಇಲ್ಲೇಕೆ ತಿರುಗುತ್ತದೆ, ಮುಂದೆ ದಾರಿ ಇದೆಯಲ್ಲ ಎಂದ. ಒಳ್ಳೆಯ ಹುಡುಗ, ಸಭ್ಯ. ನಾನು ಹೇಳಿದ್ದಕ್ಕೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟು, ಕೈ ಮುಗಿದು, ಎರಡೇ ಒದೆತಕ್ಕೆ ಸೈಕಲ್ ಏರಿ ಮಾತಾಡುತ್ತಲೇ ಹೊರಟುಹೋದ. ಅವನ ಬಲಗಾಲು ಗಾಳಿಯಲ್ಲಿ ತಿರುಗಿದ ಚೆಂದವನ್ನು ನೋಡುತ್ತ ನಿಂತೆ. ನನಗೆ ಹೊಟ್ಟೆಕಿಚ್ಚಾಯಿತೆಂದು ಹೇಳಿದರೆ ಅದರಲ್ಲಿ ಸುಳ್ಳಿಲ್ಲ.

ಅವತ್ತು ರಾತ್ರಿ ಊಟ ಸೇರಲಿಲ್ಲ. ನನ್ನ ಮುಂದೆ ಎರಡೇ ದಾರಿಗಳಿದ್ದವು: ಸೈಕಲ್ ಬಿಟ್ಟು ನಡೆಯುವುದು, ಇಲ್ಲವೇ ಇಡೀ ಬೀದಿ ನೋಡುತ್ತಿರುವಂತೆ ಶಾಮರಾಯರ ಮೋರಿಕಟ್ಟೆಗೆ ಹೋಗಿ ನಿಲ್ಲುವುದು. ಎರಡರಲ್ಲಿ ಯಾವುದನ್ನು ಮಾಡಿದರೂ ವಯಸ್ಸಾಯಿತೆಂದು ನಾನೇ ರುಜು ಹಾಕಿಕೊಟ್ಟಂತೆ. ಸಾರು ಚೆನ್ನಾಗಿಲ್ಲವೇ ಎಂದು ಹೆಂಡತಿ ಕೇಳಿದಳು. ಕಲ್ಲಿನ ವಿಷಯ ಹೇಳಿ, ಕಲ್ಲು ಹೋದರೆ ಮನೆಯ ಲಕ್ಷಣವೇ ಹೋಗುತ್ತದೆ ಎಂದೆ. ಹೌದು ಪಾಪ ಎಂದಳು. ಯಾರಿಗೆ ಪಾಪ ಎಂದಳೋ ಆಗ ತಿಳಿಯಲಿಲ್ಲ.

ಬೆಳಿಗ್ಗೆ ಹೊರಗೆ ಗದ್ದಲ ಕೇಳಿ ಹೋಗಿ ನೋಡಿದರೆ, ಹಾರೆ ಗುದ್ದಲಿ ಹಿಡಿದ ಆಳುಗಳು ಕಲ್ಲಿನಿಂದ ದೂರ ನಿಂತಿದ್ದಾರೆ. ಕಲ್ಲಿಗೆ ಅರಿಶಿನ ಬಳಿದಿದೆ, ಮಧ್ಯೆ ಅಂಗೈಯಗಲ ಕುಂಕುಮ, ಮೇಲೆ ಕೆಂಪು ದಾಸವಾಳ. ಓವರ್ಸಿಯರ್ ಏನು ಹೇಳಿದರೂ ಮೇಸ್ತ್ರಿ ಹಾರೆ ಎತ್ತಲಿಲ್ಲ. ಕೈ ಕಟ್ಟಿಕೊಂಡು ಅವನು ಹೇಳಿದ್ದು ಇಷ್ಟೆ: "ನಾವು ಮಕ್ಕಳೊಂದಿಗರು ಬುದ್ಧಿ. ಬೇಕಾದ್ರೆ ಬೆಟ್ಟ ಅಗೀರಿ ಅಂದ್ರೂ ಅಗೀತೀವಿ, ಇದನ್ನ ಮುಟ್ಟಾಕಿಲ್ಲ." ಓವರ್ಸಿಯರ್ ನನ್ನ ಕಡೆ ತಿರುಗಿ, ನಿನ್ನೆಯೇ ಹೇಳಬಾರದಿತ್ತೇ ಎಂದ. ದೇವರ ವಿಷಯ ನಾವಾಗಿ ಹೇಳಿಕೊಳ್ಳಬಾರದು ಎಂದುಬಿಟ್ಟೆ. ಕೊಳಾಯಿ ಕಲ್ಲನ್ನು ಸುತ್ತಿ ಬಳಸಿಕೊಂಡು ಮುಂದೆ ಹೋಯಿತು. ಇವತ್ತಿಗೂ ನಮ್ಮ ಮನೆಯ ಮುಂದೆ ಅದು ಸೊಟ್ಟಗೇ ಇದೆ.

ಗೆದ್ದೆನೆಂದು ಸ್ನಾನ ಊಟ ಮುಗಿಸಿ, ಶಿಳ್ಳೆ ಹಾಕುತ್ತ ಸೈಕಲ್ಲನ್ನು ತಂದು ಕಲ್ಲಿನ ಪಕ್ಕ ನಿಲ್ಲಿಸಿ ಕಾಲೆತ್ತಿದೆ. ಎದುರುಮನೆಯ ಸಾತಮ್ಮನವರು ಆಗಲೇ ಪ್ರದಕ್ಷಿಣೆ ಬರುತ್ತಿದ್ದರು. ಮೊಸರು ಮಾರುವ ನಿಂಗಮ್ಮ ಬುಟ್ಟಿ ಇಳಿಸಿ ಕೈ ಮುಗಿಯುತ್ತಿದ್ದವಳು ನನ್ನ ಕಾಲನ್ನು ನೋಡಿ, "ಏನ್ ಸಾಮಿ, ಓದ್ದೋರಾಗಿ ದ್ಯಾವ್ರ ಮ್ಯಾಲೆ ಕಾಲ್ ಮಡಗ್ತೀರಾ?" ಎಂದಳು. ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಪೆಡಲಿನ ಮೇಲಿಟ್ಟೆ. ಇಟ್ಟ ಮೇಲೆ ಒದೆಯಲೇಬೇಕಾಯಿತು. ಒದೆದೆ, ಬೀಸಲಾಗಲಿಲ್ಲ; ಮತ್ತೆ ಒದೆದೆ. ಹೀಗೆ ಒಂಟಿಗಾಲಿನಲ್ಲಿ ಕುಪ್ಪಳಿಸುತ್ತ ಒಂದೊಂದೇ ಮನೆಯನ್ನು ದಾಟಿದೆ. ಜಗಲಿಯಲ್ಲಿ ಕೂತವರು ನಮಸ್ಕಾರ ಹೇಳಿದರು. ಕುಪ್ಪಳಿಸುತ್ತಲೇ ಅವರಿಗೆ ಉತ್ತರ ಕೊಟ್ಟೆ. ನಿಲ್ಲಲು ಮಾನ ಬಿಡಲಿಲ್ಲ, ಹತ್ತಲು ಮಂಡಿ ಬಿಡಲಿಲ್ಲ. ಬೀದಿಯೇ ಮುಗಿದು ಮೋರಿಕಟ್ಟೆ ಬಂದಾಗ ಉಸಿರೂ ಮುಗಿದಿತ್ತು.

ಶಾಮರಾಯರು ತಮ್ಮ ಸೈಕಲ್ಲನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಜಾಗ ಬಿಟ್ಟರು. ನಗಲಿಲ್ಲ. ನಕ್ಕಿದ್ದರೆ ನನಗೂ ಒಂದು ಸಮಾಧಾನವಿರುತ್ತಿತ್ತು. "ಬನ್ನಿ, ಇಲ್ಲಿ ಹತ್ತಿ," ಎಂದರು. "ಇದಕ್ಕಿನ್ನೂ ಯಾರೂ ಕುಂಕುಮ ಹಚ್ಚಿಲ್ಲ." ಇಬ್ಬರೂ ಒಬ್ಬರ ಹಿಂದೊಬ್ಬರು ಕಟ್ಟೆಯ ಮೇಲೆ ಕಾಲಿಟ್ಟು, ಬೆಟ್ಟದ ಕಡೆ ನೋಡಿ, ಹತ್ತಿ ಹೊರಟೆವು. ಹತ್ತುವ ಮುಂಚೆ ರಾಯರು ಬೆಟ್ಟದ ಕಡೆ ಏಕೆ ನೋಡುತ್ತಾರೆಂಬುದು ಆ ದಿನ ಗೊತ್ತಾಯಿತು. ಮಂಡಿಯ ನೋವು ಇಳಿಯುವವರೆಗೆ ಎಲ್ಲಾದರೂ ನೋಡಬೇಕಲ್ಲ.

ಸಾಯಂಕಾಲ ಕಾಫಿ ಕುಡಿಯುತ್ತ, ಕಲ್ಲಿಗೆ ಕುಂಕುಮ ಹಚ್ಚಿದ ಪುಣ್ಯಾತ್ಮರು ಯಾರೋ ಎಂದೆ. ಹೆಂಡತಿ ಹುರುಳಿಕಾಯಿ ಸೋಸುತ್ತಿದ್ದವಳು ತಲೆಯೆತ್ತದೆ, ನಾನೇ ಎಂದಳು. ನನಗೆ ಸಿಟ್ಟು ಬಂತು. ಉಳಿಸುವುದೇನೋ ಉಳಿಸಿದೆ, ಈಗ ಕಾಲಿಡುವಂತಿಲ್ಲವಲ್ಲ ಎಂದು ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ ಲೇಸಿನ ನೆಪ ಹೇಳಲು ಹೊರಟೆ.

"ಬಿಡಿ, ನಂಗೊತ್ತಿಲ್ವಾ?" ಎಂದಳು. "ದಿನಾ ಕಿಟಕೀಲಿ ನಿಂತು ನೋಡ್ತಾನೇ ಇದೀನಿ. ಅದರ ಮೇಲೆ ಕಾಲಿಟ್ಟು ಬೀಳದೆ ಹತ್ತಿ ಹೋದ್ರಲ್ಲಾ ಅಂತ ಆ ಕಲ್ಲಿಗೆ ದಿನಾ ಕೈ ಮುಗೀತಿದ್ದೆ. ಕುಂಕುಮ ಇಟ್ಟಿದ್ದು ಮಾತ್ರ ಇವತ್ತು."

ನಾನು ಕಾಫಿಯನ್ನು ನಿಧಾನವಾಗಿ ಕುಡಿದೆ. ಬೀದಿಯನ್ನೆಲ್ಲ ಎಡಕ್ಕೂ ಬಲಕ್ಕೂ ನೋಡುತ್ತಿದ್ದವನು ಹಿಂದೆ ತಿರುಗಿ ನಮ್ಮ ಮನೆಯ ಕಿಟಕಿಯನ್ನು ಒಂದು ದಿನವೂ ನೋಡಿರಲಿಲ್ಲ. ವಯಸ್ಸಾದದ್ದು ನನಗೆ, ಅದರ ಕಾವಲು ಅವಳಿಗೆ. ಆಗ ನನಗಾದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಾಗಿ, ಕಾಫಿಗೆ ಸಕ್ಕರೆ ಕಡಿಮೆಯಾಗಿದೆ ಎಂದೆ.

ಈಗ ನಮ್ಮ ಕಲ್ಲು ದೊಡ್ಡದಾಗಿ ಬೆಳೆದಿದೆ, ಗಾತ್ರದಲ್ಲಲ್ಲ, ಹೆಸರಿನಲ್ಲಿ. ಸಾತಮ್ಮನವರು ಅದನ್ನು ನಾಗಪ್ಪ ಎನ್ನುತ್ತಾರೆ, ನಿಂಗಮ್ಮ ಮುನೇಶ್ವರ ಎನ್ನುತ್ತಾಳೆ. ನಾನು ಮನೆಯಿಂದ ಸೈಕಲ್ ತಳ್ಳಿಕೊಂಡು ಹೊರಟು, ಅದಕ್ಕೆ ಕೈ ಮುಗಿದು, ಮೋರಿಕಟ್ಟೆಗೆ ನಡೆಯುತ್ತೇನೆ. ದೈವಭಕ್ತನೆಂದು ಹೆಸರೂ ಬಂದಿದೆ. ಕಟ್ಟೆಯ ಹತ್ತಿರ ರಾಯರೂ ನಾನೂ ಮೊದಲು ನೀವು, ಮೊದಲು ನೀವು ಎಂದು ಉಪಚಾರ ಮಾಡುತ್ತ ಉಸಿರು ಹಿಡಿದುಕೊಳ್ಳುತ್ತೇವೆ. ಆ ಕಟ್ಟೆ ನಮ್ಮ ಮನೆಯ ಕಿಟಕಿಗೆ ಕಾಣುವುದಿಲ್ಲ. ಅವಳು ಈಗ ಏನು ಮಾಡುತ್ತಾಳೆಂದು ನಾನು ಕೇಳಲಿಲ್ಲ.

ಮೊನ್ನೆ ಶುಕ್ರವಾರ ಕಾಲಿಡಲು ಹೋದಾಗ ರಾಯರು ನನ್ನ ತೋಳು ಹಿಡಿದು, ಸ್ವಲ್ಪ ನೋಡಿ ಇಡಿ ಎಂದರು. ಕಟ್ಟೆಯ ಪಕ್ಕದಲ್ಲಿ, ಮೋರಿಯ ಕಡೆಗೆ, ಯಾರ ಕಣ್ಣಿಗೂ ಬೀಳದ ಹಾಗೆ ಒಂದು ಕುಂಕುಮದ ಬೊಟ್ಟಿತ್ತು. "ನಿಮ್ಮ ಮನೆಯವರು ಬೆಳಿಗ್ಗೆ ಬಂದು ಇಟ್ಟು ಹೋದ್ರು," ಎಂದರು ರಾಯರು. "ಕಾಲು ತಗಲದ ಕಡೆ ಇಡ್ತೀನಿ ಅಂತ ನನ್ನನ್ನ ಕೇಳೇ ಇಟ್ಟರು." ಅಂದಿನಿಂದ ಕಟ್ಟೆಯನ್ನು ನೋಡಿಕೊಂಡೇ ಕಾಲಿಡುತ್ತೇನೆ. ಅಷ್ಟು ಸಣ್ಣ ಬೊಟ್ಟು ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಹೆಂಡತಿ ಒಂದು ವರ್ಷದಿಂದ ಹೇಳುತ್ತಿರುವ ಕನ್ನಡಕದ ಅಂಗಡಿಗೆ ಈ ಭಾನುವಾರ ಹೋಗಿ ಬರೋಣವೆಂದಿದ್ದೇನೆ. ರಾಯರು ಜೊತೆಗೆ ಬರುತ್ತೇನೆಂದಿದ್ದಾರೆ.